ಹದಿನೈದು ತಿಂಗಳ ಮಾತು

ನವೆಂಬರ್ 4, 2024, ಸೋಮವಾರ

ಹತ್ತಕ್ಕೆ ಪಂಚಾಯತ್ ಆಫೀಸ್. ನೀರಿನ ದೂರು ಮೂರು, ಬೀದಿದೀಪದ್ದು ಒಂದು. ಪಿಡಿಒ ನನ್ನ ಡಿಜಿಟಲ್ ಸಹಿಯ ಡಾಂಗಲ್ ಕಂಪ್ಯೂಟರಿಗೆ ಸಿಕ್ಕಿಸಿದರು, ಪಿನ್ ಒತ್ತಿದೆ, ಫೈಲು ಹೋಯಿತು. ಅಧ್ಯಕ್ಷರ ಕೆಲಸ ಎಂದರೆ ಹೆಚ್ಚಿನ ದಿನ ಇಷ್ಟೇ. ಆದರೂ ಆ ಕುರ್ಚಿಯಲ್ಲಿ ಕೂತಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ... ಸುಳ್ಳು ಯಾಕೆ ಬರೆಯಲಿ.

ಮೂರನೇ ವಾರ್ಡಿನ ಸದಸ್ಯೆ ಅಮ್ಮಣಿ ಬಂದಳು, ಬೀಡಿ ಕಂಪೆನಿಯ ಬ್ರಾಂಚಿಗೆ ತಾನು ಸುತ್ತಿದ ಬೀಡಿ ಕೊಟ್ಟು ಹೋಗುವ ದಾರಿಯಲ್ಲಿ. ಕೂರಲಿಲ್ಲ. "ಟೀಚರ್, ಹದಿನೆಂಟಕ್ಕಲ್ವಾ?" ಎಂದು ಮಾತ್ರ ಕೇಳಿದಳು. ಹೌದು ಎಂದೆ.

ಹದಿನೆಂಟಕ್ಕೆ ನನ್ನ ಹದಿನೈದು ತಿಂಗಳು ಮುಗಿಯುತ್ತದೆ. ಎರಡೂವರೆ ವರ್ಷದ ಅವಧಿಯಲ್ಲಿ ಉಳಿದ ಹದಿನೈದು ಅವಳದ್ದು. ಹೋದ ವರ್ಷ ವೇಣುಗೋಪಾಲಣ್ಣನ ಮನೆಯ ಚಾವಡಿಯಲ್ಲಿ ನಾವಿಬ್ಬರೂ ಒಂದೇ ತೆಂಗಿನಕಾಯಿ ಮುಟ್ಟಿ, ಊರಿನ ದೈವದ ಹೆಸರು ಹೇಳಿ ಒಪ್ಪಿದ್ದು. ವೇಣುಗೋಪಾಲಣ್ಣ ಸದಸ್ಯರೂ ಅಲ್ಲ, ಆದರೆ ನಮ್ಮ ಕಡೆಯ ಒಂಬತ್ತು ಸದಸ್ಯರೂ ಅವರು ಹೇಳಿದ ಹಾಗೆ. ಮರುದಿನ ಪಂಚಾಯತಿನಲ್ಲಿ ಒಂದೇ ನಾಮಪತ್ರ. ಚುನಾವಣಾಧಿಕಾರಿ ತಂದ ಮತಪೆಟ್ಟಿಗೆ ತೆರೆಯದೆ ಹಾಗೇ ಜೀಪು ಹತ್ತಿತು. ಅವಿರೋಧ ಆಯ್ಕೆ, ಹಾರ, ಫೋಟೋ.

ವಾರ್ಡಿನಲ್ಲಿ ಅಮ್ಮಣಿ ಗೆದ್ದದ್ದು ಇನ್ನೂರ ಹದಿನಾಲ್ಕು ಮತದಿಂದ. ನಾನು ಒಂಬತ್ತರಿಂದ. ಆದರೂ ಮೊದಲ ಸರದಿ ನನಗೆ. "ಅವಳು ಸ್ವಲ್ಪ ಕಲೀಲಿ" ಅಂದಿದ್ದರು ವೇಣುಗೋಪಾಲಣ್ಣ. ಇಪ್ಪತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಮಾಡಿದವಳು ನಾನು. ಆದರೂ ಹಾರಕ್ಕೆ ಕುತ್ತಿಗೆ ಒಡ್ಡಿದೆ.

ನ. 19

ನಿನ್ನೆ ಕನಕ ಜಯಂತಿಯ ರಜೆ, ಇವತ್ತು ಮಂಗಳೂರಿಗೆ ಹೋಗಿ ಉಪವಿಭಾಗಾಧಿಕಾರಿಗಳ ಎ.ಸಿ. ಆಫೀಸಿನಲ್ಲಿ ರಾಜೀನಾಮೆ ಕೊಟ್ಟೆ. ಅಮ್ಮಣಿ ಜೊತೆಗೆ ಬಂದಿದ್ದಳು. ಹೊರಗೆ ಬೆಂಚಿನಲ್ಲಿ ಕೂತು ಮಗಳು ತೃಷಾಳ ಹಳೇ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಸಹಿ! ಇಷ್ಟು ದಿನ ಹೆಬ್ಬೆಟ್ಟಿನಲ್ಲೇ ಕಳೆದವಳು. "ಅ" ನೇರ ಬರುವುದೇ ಇಲ್ಲ ಎಂದು ನಕ್ಕಳು. ನಾನೇ ಕೈ ಹಿಡಿದು ಎರಡು ಸಲ ಬರೆಸಿದೆ.

ಹತ್ತು ದಿನದೊಳಗೆ ಹಿಂದೆ ತೆಗೆಯದಿದ್ದರೆ ರಾಜೀನಾಮೆ ತಾನಾಗಿ ಅಂಗೀಕಾರ, ಎಂದರು ಗುಮಾಸ್ತರು.

ನ. 26

ವೇಣುಗೋಪಾಲಣ್ಣ ಮನೆಗೇ ಬಂದರು. ಹೊಸ ಪಂಚಾಯತ್ ಕಟ್ಟಡದ ಮಾತು. ಉದ್ಘಾಟನೆ ಮುಂದಿನ ತಿಂಗಳು, ಗೋಡೆಗೆ ಕೂರಿಸುವ ಶಿಲಾಫಲಕಕ್ಕೆ ಆರ್ಡರ್ ಕೊಡಬೇಕಂತೆ.

"ಕಲ್ಲಿನಲ್ಲಿ ಅಧ್ಯಕ್ಷರು ಅಂತ ಅವಳ ಹೆಸರಾ ಟೀಚರ್? ಕಟ್ಟಡಕ್ಕೆ ಓಡಾಡಿದ್ದು ಯಾರು ಮಾರಾಯ್ರೆ? ಈಗ ರಾಜೀನಾಮೆ ಹಿಂದೆ ತೆಗೀರಿ. ಉದ್ಘಾಟನೆ ಆದ ಮೇಲೆ ಪುನಃ ಕೊಡುವ. ಒಂದು ತಿಂಗಳಲ್ಲಿ ಅವಳಿಗೆ ಎಂತ ಲಾಸ್ ಉಂಟು?"

ಯೋಚಿಸುತ್ತೇನೆ ಎಂದೆ. ಯೋಚಿಸಲಿಕ್ಕೆ ಏನಿತ್ತು? ಅವರು ಗೇಟು ದಾಟುವ ಮೊದಲೇ ನನ್ನ ಹೆಸರು ಕರಿಕಲ್ಲಿನ ಮೇಲೆ ಕಂಡಿತ್ತು.

ನ. 27

ಹಿಂದೆ ತೆಗೆದೆ. ಎಂಟನೇ ದಿನ.

ನ. 29

ಅಮ್ಮಣಿ ಬಂದಳು. ಬೈಯುತ್ತಾಳೆಂದು ತಯಾರಾಗಿದ್ದೆ.

"ಆಗ್ಲಿ ಟೀಚರ್. ಕಟ್ಟಡ ನಿಮ್ಮದೇ ಕೆಲಸ, ಹೆಸರು ನಿಮ್ಮದೇ ಬರ್ಲಿ. ಆದ್ರೆ ವಾರ್ಡಿನವರು ಕೇಳ್ತಾರೆ... ವೋಟು ಹಾಕುದು ನಾವು, ಅಧ್ಯಕ್ಷರನ್ನು ಮಾಡುದು ಯಾರು ಅಂತ. ನಾನು ಎಂತ ಹೇಳುದು?"

ಚಹಾ ಮಾಡಿ ಕೊಟ್ಟೆ.

"ಮತ್ತೆ ಕೊಡ್ತೀರಲ್ಲ?"

"ಕೊಡ್ತೇನೆ ಅಮ್ಮಣಿ."

ಕೆಮ್ಮುತ್ತಾ ಇಳಿದು ಹೋದಳು.

ಡಿ. 21

ಉದ್ಘಾಟನೆ ಮುಂದಕ್ಕೆ. ದೊಡ್ಡವರ ಡೇಟ್ ಸಿಗಲಿಲ್ಲವಂತೆ.

ಜನವರಿ 24, 2025

ಪುನಃ ಮುಂದಕ್ಕೆ. ಸಾಮಾನ್ಯ ಸಭೆಗೆ ಅಮ್ಮಣಿ ಗೈರು. ಕಾಲ್ ಮಾಡಬೇಕೆಂದುಕೊಂಡೆ. ಎಂತ ಹೇಳುವುದೆಂದು ಗೊತ್ತಾಗದೆ ಬಿಟ್ಟೆ.

ಮಾರ್ಚ್ 1

ಸಿದ್ಧಕಟ್ಟೆ ಪೇಟೆಯಲ್ಲಿ ಅವಳ ಗಂಡ ರುಕ್ಮಯ್ಯ ಸಿಕ್ಕಿದರು. ಮೂಡುಬಿದಿರೆಯಲ್ಲಿ ಆಸ್ಪತ್ರೆಗೆ ಸೇರಿಸಿ ಹನ್ನೆರಡು ದಿನವಾಯಿತಂತೆ. ಶ್ವಾಸಕೋಶ. ಮೂವತ್ತೈದು ವರ್ಷ ಹೊಗೆಸೊಪ್ಪಿನ ಧೂಳು ಕುಡಿದದ್ದು.

"ಟೀಚರಿಗೆ ಹೇಳ್ಬೇಡಿ ಅಂದಿದ್ಳು. ರಾಜೀನಾಮೆಗೆ ನಿಮ್ಮನ್ನು ಅವಸರ ಮಾಡಿದ ಹಾಗೆ ಆಗ್ತದೆ ಅಂತ."

ಅಲ್ಲಿಂದಲೇ ಮೂಡುಬಿದಿರೆ ಬಸ್ ಹತ್ತಿದೆ. ಮೂಗಿಗೆ ಆಕ್ಸಿಜನ್ ನಳಿಗೆ. ನನ್ನನ್ನು ಕಂಡು ನಕ್ಕಳು.

"ಕಲ್ಲು ಬಂತಾ ಟೀಚರ್?"

ಇಲ್ಲ ಎಂದೆ. ದಿಂಬಿನ ಅಡಿಯಲ್ಲಿ ಅದೇ ನೋಟ್‌ಬುಕ್. "ಈಗ ನೇರ ಬರ್ತದೆ" ಎಂದಳು. ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತು ಅತ್ತೆ. ಯಾರು ನೋಡಿದರೆ ನೋಡಲಿ.

ಮಾ. 3

ಯಾರನ್ನೂ ಕೇಳಲಿಲ್ಲ. ಎ.ಸಿ. ಆಫೀಸಿಗೆ ಹೋಗಿ ರಾಜೀನಾಮೆ ಕೊಟ್ಟೆ. ಹತ್ತು ದಿನ, ಆಮೇಲೆ ಚುನಾವಣೆಯ ನೋಟಿಸ್. ತಿಂಗಳ ಕೊನೆಗೆ ಅವಳು ಅಧ್ಯಕ್ಷೆ. ಗಾಲಿಕುರ್ಚಿಯಲ್ಲಾದರೂ ಕರೆತರುವ. ಆಸ್ಪತ್ರೆಗೆ ಫೋನ್ ಮಾಡಿ ಹೇಳಿದೆ. ಮಾತಾಡಲಿಕ್ಕೆ ಆಗಲಿಲ್ಲ ಅವಳಿಗೆ. ಉಸಿರು ಕೇಳುತ್ತಿತ್ತು.

ಮಾ. 8

ಬೆಳಿಗ್ಗೆ ಆರೂವರೆಗೆ ಅಮ್ಮಣಿ ಹೋದಳು.

ಮಾ. 9

ಮೂರನೇ ವಾರ್ಡಿಗೆ ವಾರ್ಡೇ ಅವಳ ಮನೆಯ ಅಂಗಳದಲ್ಲಿತ್ತು. ಒಬ್ಬರು ಕುರ್ಚಿ ತಂದು ಇಟ್ಟರು, ಅಧ್ಯಕ್ಷರು ಕೂತುಕೊಳ್ಳಿ ಅಂತ. ಕೂರಲಿಕ್ಕೆ ಆಗಲಿಲ್ಲ.

ವೇಣುಗೋಪಾಲಣ್ಣ ದೊಡ್ಡ ಹಾರ ತಂದಿದ್ದರು. ಹೋಗುವಾಗ ನನ್ನನ್ನು ಬದಿಗೆ ಕರೆದರು. "ಇನ್ನೂ ನಾಲ್ಕು ದಿನ ಉಂಟು ಟೀಚರ್. ಹಿಂದೆ ತೆಗೀರಿ. ಇನ್ನು ಕೊಡ್ಲಿಕ್ಕೆ ಯಾರಿದ್ದಾರೆ?"

ಅವರು ಕೆಟ್ಟವರೆಂದು ಬರೆದರೆ ನನಗೆ ಸುಲಭ. ಆದರೆ ನವೆಂಬರಿನಲ್ಲಿ ರಾಜೀನಾಮೆ ಹಿಂದೆ ತೆಗೆಯಲಿಕ್ಕೆ ಬಸ್ ಹತ್ತಿ ಹೋದದ್ದು ಅವರಲ್ಲ. ಅವಳ ಕುರ್ಚಿ ಕಿತ್ತುಕೊಂಡದ್ದು ನಾನೇ.

ಮಾ. 13, ಗುರುವಾರ, ಸಂಜೆ 4.45

ಇವತ್ತು ಕೊನೇ ದಿನ. ಇನ್ನು ಹೊರಟರೂ ಆಫೀಸ್ ಮುಚ್ಚುವ ಮೊದಲು ಮಂಗಳೂರು ಮುಟ್ಟಲಿಕ್ಕಿಲ್ಲ. ಮನೆಯಲ್ಲೇ ಕೂತಿದ್ದೇನೆ. ವೇಣುಗೋಪಾಲಣ್ಣನ ಫೋನ್ ಏಳು ಸಲ ಬಂತು. ತೆಗೆಯಲಿಲ್ಲ. ಅವರ ತಮ್ಮನ ಹೆಂಡತಿಯೂ ಸದಸ್ಯೆ. ಇನ್ನೊಂದು ಅವಿರೋಧ ಆಯ್ಕೆ ಆಗುತ್ತದೆ.

ರುಕ್ಮಯ್ಯ ಬೆಳಿಗ್ಗೆ ನೋಟ್‌ಬುಕ್ ತಂದುಕೊಟ್ಟು ಹೋದರು. ಅಮ್ಮಣಿ, ಅಮ್ಮಣಿ, ಅಮ್ಮಣಿ. ಪುಟದ ಮೇಲೆ ಪುಟ. ಕೊನೆಯ ಪುಟದಲ್ಲಿ ಕೆಳಗೆ ಗೆರೆ ಹಾಕಿ, ಅಧ್ಯಕ್ಷರು. "ಅ" ನೇರ ಬಂದಿದೆ.

ಮಧ್ಯಾಹ್ನ ಕಲ್ಲು ಬಂತೆಂದು ಹೋಗಿ ನೋಡಿದೆ. ಕಲ್ಲು ಕೆತ್ತುವ ಬಿ.ಸಿ.ರೋಡಿನ ಅಬೂಬಕ್ಕರ್ ಪಿಕಪ್‌ನಲ್ಲಿ ತಂದು ಹೊಸ ಕಟ್ಟಡದ ಗೋಡೆಗೆ ಒರಗಿಸಿದರು. ಅಧ್ಯಕ್ಷರು: ಶ್ರೀಮತಿ ವಸುಧಾ. ಚಿನ್ನದ ಬಣ್ಣ ತುಂಬಿ, ಚಂದ ಕೆತ್ತಿದ್ದಾರೆ. ಇದನ್ನು ಅಳಿಸಬಹುದಾ ಎಂದು ಕೇಳಿದೆ.

"ಕೆತ್ತಿದ್ದನ್ನು ಅಳಿಸ್ಲಿಕ್ಕೆ ಆಗುದಿಲ್ಲ ಟೀಚರ್. ಹೊಸ ಕಲ್ಲೇ ಆಗ್ಬೇಕು." ಕಿವಿಯಿಂದ ಪೆನ್ಸಿಲ್ ತೆಗೆದರು. "ಹೆಸರು ಯಾರದ್ದು ಹೇಳಿ, ಬರ್ಕೊಳ್ತೇನೆ."

ಅಮ್ಮಣಿ ಎಂದೆ. ಬರೆದುಕೊಂಡರು. ಯಾವ ತಾರೀಕಿನಿಂದ ಅಧ್ಯಕ್ಷರು, ಯಾವ ತಾರೀಕಿನ ತನಕ ಎಂದು ಕೇಳಿದರು. ನಾನು ನವೆಂಬರ್ ಹದಿನೆಂಟರಿಂದ ಮಾರ್ಚ್ ಎಂಟರ ತನಕ ಎಂದೆ.