ಅಡೋಲೆ ಅಜ್ಜಿಯ ಸೇತುವೆ ಪೆಟ್ಟಿಗೆ

ಮಾರ್ಚ್ 4, ಸೋಮವಾರ

ಮೀನಿಗೆ ಎರಡನೇ ಕೋಟ್ ಪೇಂಟ್ ಆಯಿತು. ಶನಿವಾರ ಇದರಲ್ಲಿ ಮಲಗಿ ಹೋಗುವವನು ಜನ್ಮದಲ್ಲಿ ಇಷ್ಟು ಚೆಂದದ ಮೀನು ಹಿಡಿದಿರಲಿಕ್ಕಿಲ್ಲ ಎಂದ ಟೆಟೆ ಅಣ್ಣ. ಅಣ್ಣ ಹೊಗಳುವುದು ಅಪರೂಪ. ಅದಕ್ಕೇ ಬರೆದಿಡುತ್ತಿದ್ದೇನೆ.

ಅಕ್ರಾ ನಗರದ ಅಂಚಿನ ನಮ್ಮ ಟೆಶಿಯಲ್ಲಿ ಬದುಕಿದ ಹಾಗೆಯೇ ಹೋಗಬೇಕು. ಮೀನುಗಾರ ಮೀನಿನಲ್ಲಿ, ಡ್ರೈವರ್ ಲಾರಿಯಲ್ಲಿ. ಆ ಆಕಾರದ ಶವಪೆಟ್ಟಿಗೆಗಳನ್ನು ಮಾಡುವವಳು ನಾನು. ಅಪ್ಪ ಹೋದಾಗ, ಉಳಿ ಹೆಣ್ಣಿನ ಕೈಗೆ ಬಿತ್ತಲ್ಲ ಎಂದು ಮೂಗು ಮುರಿದವರೆಲ್ಲ ಈಗ ನನ್ನ ಬಾಗಿಲಿಗೇ ಬರುತ್ತಾರೆ.

ರಸ್ತೆಯಾಚೆ ದೊಡ್ಡ ಬೋರ್ಡ್ ನಿಲ್ಲಿಸಿದ್ದಾರೆ, ಇಲ್ಲಿ ಮುಂದೆ ಕಟ್ಟುವುದರ ಚಿತ್ರ. ಸಮುದ್ರದ ಪಕ್ಕದಲ್ಲಿ ಗಾಜಿನ ಗಗನಚುಂಬಿಗಳು. ನಡುವಿನದು ಎಷ್ಟು ಎತ್ತರವೆಂದರೆ ತುದಿ ಬೋರ್ಡಿನಲ್ಲಿ ಹಿಡಿಸಿಲ್ಲ. ಕೆಳಗೆ ನಮ್ಮ ರಸ್ತೆಗೆ ಅಡ್ಡಲಾಗಿ ಪಾದಚಾರಿ ಸೇತುವೆ, ಕೆಂಪು ಕಟಕಟೆ. ಊಟ ಬಿಟ್ಟು ನೋಡುತ್ತ ನಿಂತೆ. ಅಕ್ರಾ ಎಂದರೆ ಇನ್ನು ಮೇಲೆ ನಾವೇ.

ಮಾರ್ಚ್ 9

ಅಡೋಲೆ ಅಜ್ಜಿ ಬಂದಿದ್ದಳು. ಆ ಬೋರ್ಡಿನ ಕೆಳಗೇ ಅವಳ ಕೆಂಕೆ ವ್ಯಾಪಾರ. ಮೆಕ್ಕೆಜೋಳದ ಹಿಟ್ಟು ಹುಳಿಸಿ, ಎಲೆ ಸುತ್ತಿ ಅವಳು ಬೇಯಿಸುವ ಉಂಡೆಗೆ ಅರ್ಧ ಊರು ಕಾಯುತ್ತದೆ. ತನ್ನ ಪೆಟ್ಟಿಗೆ ಈಗಲೇ ಮಾಡಿಡಬೇಕಂತೆ.

"ಕೆಂಕೆ ಆಕಾರದಲ್ಲಿ ಮಾಡ್ಕೊಡ್ತೀನಿ ಅಜ್ಜಿ. ಎಲೆಯ ಒಂದೊಂದು ನರಾನೂ ಕೆತ್ತಿ."

"ಜೀವಮಾನವೆಲ್ಲ ಅದರ ಹಬೇಲಿ ಬೆಂದಿದೀನಿ. ಸತ್ತ ಮೇಲೂ ಅದ್ರೊಳಗೇ ತುರುಕ್ತೀಯೇನೇ ಕೊರ್ಕೊಯ್? ನಂಗೆ ಆ ಸೇತುವೆ ಬೇಕು."

ತಮಾಷೆ ಎಂದುಕೊಂಡೆ. ಅಲ್ಲ. ಮೊಮ್ಮಗಳು ಫೋಫೋ ಸ್ಕೂಲಿಗೆ ಹೋಗುವಾಗ ಇದೇ ರಸ್ತೆಯಲ್ಲಿ ವ್ಯಾನಿಗೆ ಸಿಕ್ಕಿ ತೀರಿಹೋದಳು. ಅಂದಿನಿಂದ ಅಜ್ಜಿ ಸೇತುವೆಗಾಗಿ ಆಫೀಸುಗಳಿಗೆ ಅಲೆಯುತ್ತಿದ್ದಾಳೆ.

"ಪ್ಲಾನಲ್ಲಿದೆ ಅಜ್ಜಿ, ಪ್ಲಾನಲ್ಲಿದೆ ಅಂತಾರೆ. ಒಂದ್ಸಲ ಅದರ ಮೇಲೆ ನಡೆದ್ಬಿಟ್ರೆ ಸಾಕು, ಮಾರನೇ ದಿನಾನೇ ಬೇಕಾದ್ರೆ ಹೋಗ್ತೀನಿ. ನಡೆಯೋಕೆ ಆಗದೇ ಹೋದ್ರೆ, ಅದರೊಳಗೆ ಮಲಗಾದ್ರೂ ಹೋಗ್ತೀನಿ."

ಒಪ್ಪಿಕೊಂಡೆ.

ಏಪ್ರಿಲ್ 21, ಸಂಜೆ

ಅಪ್ಪ ಎಂದೂ ಸೇತುವೆ ಮಾಡಿರಲಿಲ್ಲ. ನಾನು ಮಾಡುತ್ತಿದ್ದೇನೆ. ಬೋರ್ಡು ನೋಡುವುದು, ಬರುವುದು, ಕೆತ್ತುವುದು. ನಡೆಯುವ ಹಾದಿಯೇ ಮುಚ್ಚಳ. ಎರಡೂ ತುದಿಗೆ ಮೆಟ್ಟಿಲು. ಅಣ್ಣ ಕಟಕಟೆಗೆ ಮೊಳೆ ಹೊಡೆಯುತ್ತ, "ಇಷ್ಟು ಗಟ್ಟಿ ಯಾಕೆ? ಇದರ ಮೇಲೆ ಯಾರು ನಡೀತಾರೆ?" ಎಂದ. ಗಟ್ಟಿಯಾಗಿಯೇ ಇರಲಿ ಎಂದೆ.

ಜೂನ್ 3

ಮೆಕ್ಕೆಜೋಳ ಬಿತ್ತಿ ಆಯಿತು. ಬೆಳೆ ಚೆನ್ನಾಗಿ ಬರಲೆಂದು ಇಂದಿನಿಂದ ಕೆಲವು ವಾರ ಊರು ಮೌನ. ಡೋಲು ಬಾರಿಸುವಂತಿಲ್ಲ, ಹೆಣ ಎತ್ತುವಂತಿಲ್ಲ. ಈ ದಿನಗಳಲ್ಲಿ ಸತ್ತವರೂ ಕಾಯಬೇಕು. ನಮಗೆ ಕೆಲಸವಿಲ್ಲ. ಸೇತುವೆಯ ಕೆಂಪು ಬಣ್ಣ ಮುಗಿಸಿದೆ. ನಾನೇ ಮಾಡಿದ್ದಾ ಎನ್ನಿಸಿತು. ಬಾಗಿಲು ಹಾಕಿದ ಮೇಲೂ ಮತ್ತೆ ತೆರೆದು ಒಮ್ಮೆ ನೋಡಿದೆ.

ಜೂನ್ 11

ಬೆಳಿಗ್ಗೆ ಇನ್ನೊಂದು ಮಗು. ಸ್ಕೂಲಿನ ಎದುರಿಗೇ. ಕಾಲು ಮುರಿದಿದೆ, ಜೀವಕ್ಕೆ ತೊಂದರೆಯಿಲ್ಲ.

ಅಜ್ಜಿ ನೇರ ಇಲ್ಲಿಗೆ ಬಂದಳು. ಅಳಲಿಲ್ಲ. "ಪೆಟ್ಟಿಗೆ ಹೊರಗೆ ತೆಗಿ."

ಅಣ್ಣ ಉಳಿ ಕೆಳಗಿಟ್ಟ. "ಅಜ್ಜಿ, ಮೌನದ ದಿನಗಳು. ಈಗ ಪೆಟ್ಟಿಗೆ ರಸ್ತೆಗೆ ಬಂದ್ರೆ ಹಿರಿಯರು ನಮ್ಮ ಅಂಗಡಿ ಮುಚ್ಚಿಸ್ತಾರೆ."

"ಈ ಡ್ರೈವರ್‌ಗಳು ಮಕ್ಕಳಿಗೆ ನಿಲ್ಸಲ್ಲ, ಪೊಲೀಸ್‌ಗೂ ನಿಲ್ಸಲ್ಲ. ಪೆಟ್ಟಿಗೆ ಕಂಡ್ರೆ ಮಾತ್ರ ನಿಲ್ಸಿ ಟೋಪಿ ತೆಗೀತಾರೆ. ನಿನ್ನಪ್ಪನ ಅಂಗಡಿ ದೊಡ್ಡದೋ, ಮಕ್ಕಳೋ?"

ಅಣ್ಣ ನನ್ನ ಮುಖ ನೋಡಿದ. ಅಂಗಡಿ ನನ್ನದು. ಹೋದರೆ ನನ್ನದೇ ಹೋಗುತ್ತದೆ. ಭಯವಾಯಿತು… ಆಗಲಿ ಎಂದೆ.

ಜೂನ್ 12

ಸ್ಕೂಲಿನ ಹೊತ್ತಿಗೆ ಆರು ಜನ ಸೇತುವೆಯನ್ನು ಹೆಗಲ ಮೇಲೆ ಎತ್ತಿದರು. ಡೋಲಿಲ್ಲ, ಹಾಡಿಲ್ಲ. ರಸ್ತೆಗೆ ಇಳಿದದ್ದೇ ತಡ, ಬಸ್ಸು, ಲಾರಿ, ವ್ಯಾನು ಎಲ್ಲ ನಿಂತವು. ಹಾರನ್ ಇಲ್ಲ. ಹಿಂದೆ ಮಕ್ಕಳ ಸಾಲು, ಸಮುದ್ರದ ಕಡೆಯಿಂದ ಸ್ಕೂಲಿನ ಕಡೆಗೆ.

ಒಬ್ಬ ವ್ಯಾನ್ ಡ್ರೈವರ್ ಟೋಪಿ ಎದೆಗಿಟ್ಟುಕೊಂಡು ಮೆಲ್ಲಗೆ ಕೇಳಿದ, "ಯಾರಮ್ಮ ಹೋದೋರು?"

ತಲೆ ಮೇಲೆ ಕೆಂಕೆ ತಪ್ಪಲೆ ಹೊತ್ತು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಅಜ್ಜಿ ತಿರುಗದೇ ಹೇಳಿದಳು, "ನಾನೇ ಕಣಪ್ಪ. ದಾರಿ ಬಿಡು."

ಅವನು ವ್ಯಾನನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ.

ಜೂನ್ 13

ಹಿರಿಯ ನುಮೋ ಲಾರ್ಯೆ ಕರೆಸಿದರು. ಬಿಳಿ ಬಟ್ಟೆ ಹೊದ್ದು ಕುಳಿತಿದ್ದರು. ಕೂರು ಎನ್ನಲಿಲ್ಲ.

"ಮೌನದ ದಿನ ಪೆಟ್ಟಿಗೆ ಎತ್ತಿಸಿದೀಯ. ಅದೂ ಖಾಲಿ ಪೆಟ್ಟಿಗೆ. ಸಾವನ್ನ ಹೆಸರು ಹಿಡಿದು ಕರೆದಂಗೆ ಅದು. ನಿಮ್ಮಪ್ಪ ಹೀಗೆ ಮಾಡ್ತಿದ್ನಾ?"

"ಇಲ್ಲ, ಹಿರಿಯರೇ. ನಾನು ಮಾಡಿದೆ. ಇನ್ನೊಂದು ಮಗು ಬಿದ್ರೆ ಇನ್ನೊಂದ್ಸಲ ಮಾಡ್ತೀನಿ."

ಎಲ್ಲಿಂದ ಬಂತೋ ಆ ಮಾತು. ತಪ್ಪುಕಾಣಿಕೆ ಒಂದು ಕುರಿ, ಪೂರ್ವಜರ ಹೆಸರಲ್ಲಿ ನೆಲಕ್ಕೆ ಎರೆಯಲು ಒಂದು ಬಾಟಲಿ ಮದ್ಯ. ಅಂಗಡಿ ಉಳಿಯಿತು. ಬಾಗಿಲ ತನಕ ಬಂದಿದ್ದೆ, ಕರೆದರು.

"ನೋಡ್ದೆ ನಿನ್ನ ಸೇತುವೆ. ಚೆನ್ನಾಗಿದೆ. ನಾಳೆ ಮಕ್ಕಳು ಹೇಗೆ ದಾಟ್ತವೆ?"

"ಗೊತ್ತಿಲ್ಲ."

"ನನ್ನ ಕೋಲು ಹಿಡಿದು ನಾನು ನಿಲ್ತೀನಿ. ಆಮೇಲೆ ಆ ಆಫೀಸಿಗೂ ಹೋಗೋಣ. ಅಡೋಲೆ ಒಬ್ಳನ್ನೇ ಎಷ್ಟು ಅಲೆದಾಡಿಸ್ತಾರೋ ನಾನೂ ನೋಡ್ತೀನಿ."

ಮನೆಗೆ ಬಂದು ಅತ್ತೆ.

ನವೆಂಬರ್ 18

ಸೇತುವೆಗೆ ಕಂಬ ನೆಟ್ಟರು.

ಫೆಬ್ರವರಿ 22

ಸೇತುವೆ ತೆರೆಯಿತು. ಕೆಂಪು ಕಟಕಟೆ, ನನ್ನದರ ಹಾಗೆಯೇ. ಜನರು ನಿಜವಾದದ್ದನ್ನು ತೋರಿಸಿ, "ಕೊರ್ಕೊಯ್ ಮಾಡಿದ್ಲಲ್ಲ, ಥೇಟ್ ಅದೇ" ಎನ್ನುತ್ತಿದ್ದರು. ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ದೊಡ್ಡವರ ಭಾಷಣ ಮುಗಿಯುವ ಮೊದಲೇ ಅಜ್ಜಿ ತಪ್ಪಲೆ ಹೊತ್ತು ಮೆಟ್ಟಿಲು ಹತ್ತಿದ್ದಳು. ನಡುವೆ ನಿಂತು, ಕೆಳಗೆ ಓಡುವ ವಾಹನಗಳನ್ನು ನೋಡಿದಳು. ಫೋಫೋ ಹೆಸರು ಹಿಡಿದು ಕರೆದಳು. ಒಂದೇ ಸಲ.

ಫೆಬ್ರವರಿ 25

ಬೋರ್ಡಿನ ಕೆಳಗೆ ಅಜ್ಜಿ ಇಲ್ಲ. ಜ್ವರವಂತೆ. ಒಂದ್ಸಲ ನಡೆದ್ರೆ ಸಾಕು ಅಂದಿದ್ದಳು. ಖಾಲಿ ಪೆಟ್ಟಿಗೆ ಎತ್ತಿಸಿದವಳು ನಾನು. ಅಣ್ಣ ಸೇತುವೆ ಪೆಟ್ಟಿಗೆಯ ಧೂಳು ಒರೆಸಲು ಹೋದ. ಮುಟ್ಟಬೇಡ ಎಂದು ರೇಗಿದೆ.

ಫೆಬ್ರವರಿ 27

ಗಂಜಿ ಕುಡಿಯುತ್ತಿಲ್ಲವಂತೆ. ಉಳಿ ಹಿಡಿಯಲು ಮನಸ್ಸಿಲ್ಲ.

ಮಾರ್ಚ್ 5, ಬೆಳಿಗ್ಗೆ

ಬಾಗಿಲಲ್ಲಿ ಅಜ್ಜಿ. ಸೊರಗಿದ್ದಾಳೆ, ಬಾಯಿ ಮಾತ್ರ ಹಾಗೇ ಇದೆ.

"ಏನೇ, ಮುಖ ಯಾಕೆ ಹಂಗೆ? ಯಾರಾದ್ರೂ ಸತ್ರಾ?"

ಅಪ್ಪಿಕೊಂಡೆ. ಕೊಸರಿಕೊಂಡಳು. ಸೇತುವೆ ಪೆಟ್ಟಿಗೆ ಇನ್ನು ಬೇಡವಂತೆ. ಊರಿಗೆಲ್ಲ ಸಿಕ್ಕಿದ್ದು ತನಗೊಬ್ಬಳಿಗೇ ಯಾಕೆ, ಅಂಗಡಿ ಮುಂದೆ ಇಡು, ನಿನ್ನ ಕೈ ಎಂಥದ್ದು ಅಂತ ಜನ ನೋಡಲಿ ಎಂದಳು. ಆಮೇಲೆ ಬೋರ್ಡಿನತ್ತ ಬೆರಳು ತೋರಿಸಿದಳು. ನಡುವಿನ ಗಗನಚುಂಬಿ.

"ಅದನ್ನ ಯಾವಾಗ ಕಟ್ತಾರಂತೆ?"

"ಹತ್ತು ವರ್ಷ ಅಂತಾರೆ ಅಜ್ಜಿ. ಅಂದ್ರೆ ಇಪ್ಪತ್ತು."

"ಹಾಗಾದ್ರೆ ನಂಗೆ ಅದನ್ನೇ ಮಾಡು. ಅವಸರ ಇಲ್ಲ."

ಅಳತೆ ಟೇಪ್ ತಂದೆ. ಮಲಗು ಎಂದೆ. ಮಲಗಲ್ಲ, ಆ ಬಿಲ್ಡಿಂಗ್ ಏನು ಮಲಗಿದೆಯಾ ಎಂದು ಗೋಡೆಗೆ ಬೆನ್ನು ಕೊಟ್ಟು, ಗಲ್ಲ ಎತ್ತಿ, ನೆಟ್ಟಗೆ ನಿಂತಳು. ಟೇಪ್ ಮೇಲಕ್ಕೆ ಎಳೆದೆ. ಹಿಮ್ಮಡಿ ಎತ್ತಿದ್ದಾಳೆ, ಕಳ್ಳಿ. ಎತ್ತಲಿ. ಬರೆದುಕೊಂಡೆ. ಅಜ್ಜಿಯ ಎತ್ತರ, ಹಿಮ್ಮಡಿಯೂ ಸೇರಿ.