ಸಾಕೆಂದವರ ತಾಟಿಗೆ ಬಡಿಸಿದ ತಪ್ಪು

ಹುಬ್ಬಳ್ಳಿ, ೩೦ ಫೆಬ್ರುವರಿ ೨೨೧೯
ಬಾಗಿಲು ಹಾಕಿದ ಹೊತ್ತು

ಆನ್‌ಲೈನ್ ಆಟಗಳಲ್ಲಿ ಹೀಲರ್ ಆಗಿ ಕೂತಿರುವ ಹಿಂದಿನ ಕಾಲದ ತಂಗಿ, ತಮ್ಮಂದಿರಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಆಟದಲ್ಲಿ ಉರಿಮುಖನ ಗವಿ ಗೆಲ್ಲುವ ಹೊತ್ತಿಗೆ ನನ್ನ ಕೈಬಿಟ್ಟು ಹೋದದ್ದು ಇಷ್ಟು: ಎರಡು ಜೊತೆ ಆಟದ ಕೈಗವಸು, ಒಂದಿಡೀ ಬೇಸಿಗೆಯ ಮಧ್ಯಾಹ್ನದ ನಿದ್ದೆ, ತಳ ಹಿಡಿದ ಒಂದು ಹಂಡೆ ಬೇಳೆ, ಮತ್ತು ಉಣ್ಣಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಳೆಯ ಹೆಮ್ಮೆ. ಮೊದಲ ಮೂರು ಮತ್ತೆ ಸಿಗುತ್ತವೆ. ನಾಲ್ಕನೆಯದು ಮತ್ತೆ ಬೇಕೂ ಇಲ್ಲ.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಪಾಪ, ಎಷ್ಟು ಕಾಲ ಅದೊಂದೇ ಕುಂಟುತ್ತಿರಬೇಕು ಎಂದು ಯಾರೋ ಸರಿಮಾಡಿದರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. 'ಬಾಗಿಲು ಹಾಕಿದ ಹೊತ್ತು' ಎಂದರೆ ಬಿಸಿಲು ಏರಿದ ಮೇಲೆ ಇಡೀ ಊರು ಕದ ಮುಚ್ಚಿ ಒಳಗೆ ಕೂರುವ ನಡುಹಗಲು. ನಸುಕಿನಲ್ಲೇ ಸಂತೆ, ಶಾಲೆ, ಕಚೇರಿ ಎಲ್ಲ ಮುಗಿಯುತ್ತವೆ. ನನ್ನ ಖಾನಾವಳಿಯಲ್ಲೂ ಹತ್ತರೊಳಗೆ ಊಟ ಮುಗಿದು ತಾಟು ತೊಳೆದಿರುತ್ತದೆ. ಜೋಳ ಈಗ ಗೋಡೆಗಳ ಮೇಲೆ ಬೆಳೆಯುತ್ತದೆ, ಆದರೆ ರೊಟ್ಟಿಯನ್ನು ಇಂದಿಗೂ ಕೈಯಲ್ಲೇ ಬಡಿಯಬೇಕು. ಯಂತ್ರ ಬಡಿದದ್ದನ್ನು ನಮ್ಮ ಗಿರಾಕಿಗಳು ಮೂಸಿಯೂ ನೋಡುವುದಿಲ್ಲ. ಕದ ಮುಚ್ಚಿದ ಮೇಲೆ ಊರಿನ ಅರ್ಧ ಜನ ಮಲಗುತ್ತಾರೆ, ಇನ್ನರ್ಧ ಜನ 'ಹೊಗುಮನೆ'ಗೆ ಇಳಿಯುತ್ತಾರೆ. ಅದು ಕಪಾಟಿನಷ್ಟು ಅಗಲದ ಗೂಡು. ಒಳಗೆ ನಿಂತರೆ ಆಟದ ಲೋಕವೇ ಸುತ್ತ ಹರಡಿಕೊಳ್ಳುತ್ತದೆ. ಈಚೆಗೆ 'ಹಿಂದಂಚೆ' ಶುರುವಾಗಿದೆ, ಹಿಂದಿನ ಕಾಲಕ್ಕೆ ಆಯುಷ್ಯದಲ್ಲಿ ಒಬ್ಬರಿಗೆ ಒಂದೇ ಕಾಗದ. ಜನರೆಲ್ಲ ಮುತ್ತಜ್ಜಿಗೆ ಬರೆಯುತ್ತಿದ್ದಾರೆ. ನನ್ನ ಮುತ್ತಜ್ಜಿಗೆ ಆಟ ಗೊತ್ತಿರಲಿಲ್ಲ, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಗುಂಪಿನಲ್ಲಿ ನಾಲ್ವರು, ಉಳಿದ ಮೂವರೂ ನನ್ನ ಖಾನಾವಳಿಯಲ್ಲಿ ಉಣ್ಣುವವರು. ಮುಂದೆ ನಿಂತು ಏಟು ತಿನ್ನುವವನನ್ನು ನೀವು ಟ್ಯಾಂಕ್ ಎನ್ನುತ್ತಿದ್ದಿರಂತೆ, ನಾವು 'ತಡೆಯಾಳು' ಎನ್ನುತ್ತೇವೆ; ಅವನು ಮೌಲಾಲಿ, ಗಾಳಿಯಂತ್ರಗಳ ರೆಕ್ಕೆ ಒರೆಸುವ ಕೆಲಸದವನು, ಎರಡೂ ಹೊತ್ತು ನನ್ನ ಖಾನಾವಳಿಯಲ್ಲೇ ಊಟ. ಬಿಲ್ಲು ಹಿಡಿದವನು ಕೊಟ್ರಪ್ಪ, ಮುಳ್ಳು ತರಚಿದರೂ ಬೊಬ್ಬೆ ಹಾಕುವ ಗಿರಾಕಿ. ನಾಯಕಿ ಇಂದುಮತಿ ಪತ್ತಾರ, ವಯಸ್ಸು ನನ್ನ ಅರ್ಧ, ನಾಲಿಗೆ ನನ್ನ ಎರಡರಷ್ಟು. ವೈದ್ಯೆ, ಅಂದರೆ ಗಾಯ ಮಾಯಿಸುವ ನಿಮ್ಮ ಹೀಲರ್, ನಾನು, ಗುರುಸಿದ್ಧವ್ವ. ವೈದ್ಯರಿಗೆ 'ಕಸುವು' ಎಂಬ ಬುತ್ತಿ ಇರುತ್ತದೆ. ಒಂದೊಂದು ಮಂತ್ರಕ್ಕೂ ಅದರಲ್ಲಿ ಇಷ್ಟಿಷ್ಟು ಮುಗಿಯುತ್ತದೆ.

ಗವಿ ಕಾಯುವ, ಬೆಂಕಿಯುಸಿರಿನ ದೈತ್ಯ ಉರಿಮುಖ ನಮ್ಮನ್ನು ಎಷ್ಟು ಸಲ ಸುಟ್ಟು ಹೊರಗೆ ಎಸೆದನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವನು ಕೊನೆಯ ದೊಡ್ಡ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ನನ್ನ ಕಸುವು ಖಾಲಿ. ಕಡೆಗೆ ಇಂದುಮತಿ ನೇರವಾಗಿ ಹೇಳಿಯೇಬಿಟ್ಟಳು.

"ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬರೋ ಐತವಾರ ಒಂದ ಸಲ ನೋಡೋಣು. ಅವತ್ತೂ ಸತ್ವಿ ಅಂದ್ರ ಯಂತ್ರವೈದ್ಯನ್ನ ತಗೋತೀನಿ."

"ತಗೋಳವ್ವಾ. ಅದಕ್ಕ ರೊಟ್ಟಿ ಬಡಿಯಾಕ ಬರ್ತೈತೇನ ಕೇಳು."

"ರೊಟ್ಟಿ ಬ್ಯಾಡ್ರಿ ನಮಗ, ಜೀವ ಬೇಕು!"

ನಕ್ಕೆ. ಆದರೆ ಗುಂಪಿಗೆ ವೈದ್ಯರ ಜಾಗ ಒಂದೇ. ಯಂತ್ರ ಬಂದು ನಿಂತರೆ ನಾನು ಹೊರಗೆ. ಆಮೇಲೆ ಆ ಮೂವರು ನನಗೆ ಬರೀ ಗಿರಾಕಿಗಳು. ಉಂಡು, ಕೈತೊಳೆದು, ನಮಸ್ಕಾರ ಹೇಳಿ ಹೋಗುವವರು. ಗವಿಯೊಳಗೆ ನಾನು ಅವರ ಜೊತೆಯವಳಾಗಿದ್ದೆ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ನಾವು ಸೋಲುವುದರ ಗುಟ್ಟು ಬಯಲಾಯಿತು. ಮೌಲಾಲಿ ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದ. ನಮ್ಮಲ್ಲಿ ಸಾಕು ಎನ್ನುವುದು ಉಣ್ಣುವವರ ಮರ್ಯಾದೆ, ಕೇಳಿಸದವರಂತೆ ಬಡಿಸುವುದು ನಮ್ಮ ಮರ್ಯಾದೆ. ನಾನು ಬಡಿಸಿದೆ. ಬಿಸಿ ಸಾರು ಅವನ ಕೈ ಮೇಲೆ!

"ಯವ್ವಾ! ಅಕ್ಕಾರ, ಸಾಕಂದ್ರ ಸಾಕ್ರಿ! ಗವಿಯಾಗೂ ಹಿಂಗ ಮಾಡ್ತೀರಿ ನೋಡ್ರಿ. ನಾ ಗಟ್ಟಿಮುಟ್ಟ ನಿಂತಿರ್ತೀನಿ, ನೀವು ಮ್ಯಾಲಿಂದ ಮಂತ್ರ ಸುರೀತಾನ ಇರ್ತೀರಿ."

ಸಟ್ಟುಗ ಕೆಳಗಿಟ್ಟೆ. ಅವನ ಕೈಗೆ ತಣ್ಣೀರು ಸುರಿದು, ಅವತ್ತೇ ಮಧ್ಯಾಹ್ನ ನಮ್ಮ ಹಳೆಯ ಪಂದ್ಯಗಳ ಲೆಕ್ಕ ತೆಗೆದೆ. ನನ್ನ ಮಂತ್ರದಲ್ಲಿ ಅರ್ಧಕ್ಕಿಂತ ಹೆಚ್ಚು, ಗಾಯವೇ ಇಲ್ಲದವರ ಮೇಲೆ ಸುರಿದು ನೆಲ ಸೇರಿತ್ತು. ಯಾವ ಖಾನಾವಳಿ ಇಷ್ಟು ಚೆಲ್ಲಿ ಉಳಿದೀತು? ಇನ್ನೊಂದನ್ನೂ ಕಂಡೆ. ಪ್ರತಿ ಸಲ ಮೊದಲು ಬೀಳುತ್ತಿದ್ದವಳು ನಾನೇ. ಮನೆಯವಳು ಎಲ್ಲರದೂ ಆದಮೇಲೆ ಉಣ್ಣಬೇಕಲ್ಲ, ಹಾಗೆಯೇ ನನ್ನ ಗಾಯಕ್ಕೆ ನಾನು ಮುಲಾಮು ಹಚ್ಚಿಕೊಂಡದ್ದೇ ಇಲ್ಲ.

ಆ ವಾರವೆಲ್ಲ ಕೈ ತಡೆಯುವುದನ್ನು ಕಲಿತೆ. ಬಡಿಸುವುದಕ್ಕಿಂತ ಅದು ಕಷ್ಟ, ನಂಬಿ. ಅಭ್ಯಾಸದ ಆಟಗಳಲ್ಲಿ ಕೊಟ್ರಪ್ಪನ ಬೊಬ್ಬೆ ಕೇಳಿಸದಿರಲೆಂದು ದನಿ ಬಂದ್ ಮಾಡಿ ಆಡಿದೆ. ಜೊತೆಯವರ ಗಾಯ ನೋಡುತ್ತ ಕೂರುವುದನ್ನು ಬಿಟ್ಟು ಉರಿಮುಖನನ್ನೇ ನೋಡಿದೆ: ದೊಡ್ಡ ಉಸಿರಿಗೆ ಮೊದಲು ಅವನು ಎಡಭುಜ ಎತ್ತುತ್ತಾನೆ! ಇಷ್ಟು ದಿನ ಎತ್ತುತ್ತಲೇ ಇದ್ದ, ನಾನು ತಾಟು ನೋಡುತ್ತಿದ್ದೆ. ಏಟು ಬಿದ್ದ ಮೇಲೆ ಓಡುವುದಕ್ಕಿಂತ ಬೀಳುವ ಮೊದಲೇ ಕವಚ ಹೊದಿಸುವುದು ಅಗ್ಗ. ಸಣ್ಣ ಗಾಯಕ್ಕೆ ಸಣ್ಣ ಮಂತ್ರ. ದೊಡ್ಡದು ದೊಡ್ಡದಕ್ಕೇ ಮೀಸಲು.

ಐತವಾರ ಇಳಿದೆವು. ನಾಯಕಿಯ ಮಾತು ಕೇಳಿಸಬೇಕಲ್ಲ, ದನಿ ಬಂದ್ ಮಾಡುವಂತಿರಲಿಲ್ಲ.

"ಅಕ್ಕಾ, ನನಗ! ಅಕ್ಕಾ, ಸಾಯಾಕತ್ತೀನಿ!" ಎಂದ ಕೊಟ್ರಪ್ಪ.

"ನಿನ್ನ ಜೀವ ಮುಕ್ಕಾಲು ಐತಿ, ತಮ್ಮಾ. ಬಾಣ ಬಿಡು!"

ಎಡಭುಜ ಎದ್ದಿತು. ಕವಚ ಹೊದಿಸಿದೆ. ಬೆಂಕಿ ನಮ್ಮ ಮೇಲೆ ಹಾದುಹೋಯಿತು, ನಾಲ್ವರೂ ನಿಂತೇ ಇದ್ದೆವು! ಇಂದುಮತಿ ಕಿರುಚಿದ್ದು ಹೊಗುಮನೆಯ ಗೋಡೆಗೂ ಕೇಳಿಸಿರಬೇಕು. ಆದರೆ ಉರಿಮುಖ ಸಾಯುವ ಮೊದಲು ಬಾಲ ಬೀಸಿದ. ಮೌಲಾಲಿಗೂ ನನಗೂ ಒಂದೇ ಏಟು, ಇಬ್ಬರ ಜೀವವೂ ಕೂದಲೆಳೆಯಷ್ಟು. ಮುಂದಿನ ಏಟಿನೊಳಗೆ ಒಂದು ಮಂತ್ರಕ್ಕಷ್ಟೇ ಹೊತ್ತಿತ್ತು. ಮೌಲಾಲಿ ನನ್ನ ಮುಂದೆಯೇ ಮಂಡಿಯೂರಿದ್ದ. ಎಷ್ಟೋ ವರ್ಷ ಬಡಿಸಿದ ಕೈ ತಾನಾಗಿಯೇ ಅವನತ್ತ ಚಾಚಿತು. ಹಿಂದಕ್ಕೆ ಎಳೆದು ಎದೆಗಿಟ್ಟುಕೊಂಡು ಮಂತ್ರವನ್ನು ನನಗೇ ಹಾಕಿಕೊಂಡೆ.

ಮುಂದಿನ ಏಟಿಗೆ ಮೌಲಾಲಿ ಬಿದ್ದ. ನಾನು ಉಳಿದೆ. ಉಳಿದದ್ದರಿಂದ ಎರಡು ಉಸಿರಿನ ಹೊತ್ತು ಸಿಕ್ಕಿತು. ಚೆಲ್ಲದೆ ಉಳಿಸಿದ್ದ ಕಸುವಿನಿಂದ, ವೈದ್ಯರಿಗೆ ಮಾತ್ರ ಬರುವ, ಬಿದ್ದವರನ್ನು ಎಬ್ಬಿಸುವ ಮಂತ್ರ ಹೇಳಿ ಮುಗಿಸಿದೆ. ಅವನು ಎದ್ದು ಗುರಾಣಿ ಊರಿದ, ಇಂದುಮತಿಯ ಕತ್ತಿ ಇಳಿಯಿತು, ಗವಿಯ ಛಾವಣಿ ಕಳಚಿ ನೀಲಿ ಆಕಾಶ ಕಂಡಿತು.

"ಅಕ್ಕಾರ, ನನ್ನ ಸಾಯಾಕ ಬಿಟ್ರಲ್ರೀ!" ಎಂದು ಮೌಲಾಲಿ ನಕ್ಕ.

"ಬಿಟ್ಟೆ. ಎಬ್ಬಿಸ್ಲಿಲ್ಲೇನು?"

"ಮೊದಲ ಸಲ ಚಂದಂಗಿ ಸತ್ತೆ ನೋಡ್ರಿ!"

ತಂಗಿ, ತಮ್ಮಂದಿರೇ, ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟೇ. ಬೊಬ್ಬೆಗೆ ಓಡಬೇಡಿ, ಏಟಿನ ದಾರಿ ನೋಡಿ. ನೀವು ಮೊದಲು ಉಳಿಯಿರಿ. ವೈದ್ಯರು ಬಿದ್ದರೆ ಎಬ್ಬಿಸುವವರು ಯಾರೂ ಇರುವುದಿಲ್ಲ. ಹಾಳೆ ಮುಗಿಯುತ್ತ ಬಂತು, ಹಿಂದಂಚೆಯವರು ಇನ್ನೊಂದು ಕೊಡುವುದಿಲ್ಲ. ಬರುತ್ತೇನೆ. ಯಾರಿಗೆ ಏನು ಸಿಕ್ಕಿತು ಎಂಬುದನ್ನು ಬರೆದು ಮುಗಿಸುತ್ತೇನೆ.

ಇಂದುಮತಿಗೆ ಗವಿಯ ಕೀಲಿಕೈ. ಮೌಲಾಲಿಗೆ ಕಂಚಿನ ಗುರಾಣಿ. ಕೊಟ್ರಪ್ಪನಿಗೆ ಏನೂ ಇಲ್ಲ, ಆದರೂ ಗೆಲ್ಲಿಸಿದವನು ತಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಯಂತ್ರವೈದ್ಯನಿಗೆ ಧಾರವಾಡದ ಇನ್ನೊಂದು ಗುಂಪು. ನನಗೆ, ವೈದ್ಯರ ಜಾಗ.