ಅಜ್ಜಿ ಬರೆಸಿದ ಹಾಳೆ

ಅಪ್ಪನಿಗೆ,

ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಆ ಹಾಳೆ ಬರೆಸುವಾಗ ಅಜ್ಜಿಗೆ ಬುದ್ಧಿ ನೆಟ್ಟಗಿರಲಿಲ್ಲ ಎಂದು ನೀವು ಹೇಳಿಕೊಟ್ಟಂತೆ ನಾನು ಡಾಕ್ಟರ ಮುಂದೆ ಹೇಳುವುದಿಲ್ಲ. ವೃದ್ಧಾಶ್ರಮದ ಮಂಚದ ಮೇಲೆ ಕೂತು ಅವಳು ಹೇಳಿದಳು, ನಾನು ಬರೆದೆ. "ಉಸಿರು ಕಟ್ಟಿದ್ರೂ ಆಸ್ಪತ್ರೆ ಬೇಡ. ನೋವಿಗೆ ಔಷಧಿ ಕೊಡಿ, ಸಾಕು. ನಂಗೆ ಇದೇ ಮಂಚ, ಇದೇ ಕಿಟಕಿ." ನನ್ನ ಕಾಗುಣಿತವನ್ನು ಎರಡು ಕಡೆ ತಿದ್ದಿಸಿದಳು.

ಮಂಗಳವಾರ ಉಸಿರು ಕಟ್ಟಿದಾಗ ಆಶ್ರಮದ ನರ್ಸ್ ಹಾಳೆ ಓದಿಯೇ ನಿಮಗೆ ಫೋನ್ ಮಾಡಿದರು. "ನಾಳೆ ನೆಂಟರು ಏನಂತಾರೆ? ಆಸ್ಪತ್ರೆಗೆ ಸಾಗಿಸಿ" ಎಂದಿರಿ. ಈಗ ಅವಳ ಮೂಗಿನಲ್ಲಿ ನಳಿಕೆಯಿದೆ. ಕಿತ್ತುಕೊಳ್ಳುತ್ತಾಳೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದಾರೆ. ನೀವು ಬಾಗಿಲಲ್ಲೇ ನಿಂತು ನೋಡಿ ಹೋದಿರಿ, ಹೊದಿಕೆಯಿತ್ತು, ಕಂಡಿರಲಿಕ್ಕಿಲ್ಲ.

ನಿಮಗೆ ಹೇಳದ ಮಾತೊಂದಿದೆ. ಆ ಹಾಳೆಯಲ್ಲಿ, ಅಜ್ಜಿಗೆ ಮಾತಾಡಲಾಗದ ದಿನ ಅವಳ ಪರವಾಗಿ ತೀರ್ಮಾನಿಸುವವರು ಯಾರು ಎಂಬ ಜಾಗದಲ್ಲಿ ನನ್ನ ಹೆಸರು ಬರೆಯಲೇ ಎಂದು ಕೇಳಿದ್ದೆ. ಅಜ್ಜಿ ನಕ್ಕಳು. "ಸ್ಕೂಲ್ ಬಿಟ್ಟೋಳ ಮಾತು ಯಾರೇ ಕೇಳ್ತಾರೆ? ನಿಮ್ಮಪ್ಪನ ಹೆಸರು ಹಾಕು. ಅವನು ಹೇಳಿದ್ರೆ ಡಾಕ್ಟ್ರು ಕೇಳ್ತಾರೆ."

ಕೇಳಿದರು.

ಅವಳನ್ನು ವಾಪಸ್ ಕಳಿಸುವ ಕಾಗದ ವಾರ್ಡಿನ ಮೇಜಿನ ಮೇಲಿದೆ. ಅದಕ್ಕೆ ನನ್ನ ಸಹಿ ನಡೆಯುವುದಿಲ್ಲ, ನಿಮ್ಮದೇ ಬೇಕು. ಕಿಟಕಿ ಪಕ್ಕದ ಮಂಚವನ್ನು ಆಶ್ರಮದವರು ಶನಿವಾರದವರೆಗೆ ಮಾತ್ರ ಖಾಲಿ ಇಡುತ್ತಾರಂತೆ. ನಾಳೆ ಬೆಳಿಗ್ಗೆಯೇ ಬನ್ನಿ. ಆಸ್ಪತ್ರೆಯವರು ನಿಮ್ಮ ಕೈಗೆ ಕೊಟ್ಟಿದ್ದ ಅವಳ ಕನ್ನಡಕವನ್ನೂ ತನ್ನಿ. ನೀವು ಸಹಿ ಮಾಡುತ್ತೀರೋ ಇಲ್ಲವೋ, ಅವಳೇ ನೋಡಲಿ.

ಇತಿ,
ಸ್ಕೂಲ್ ಬಿಟ್ಟವಳು